ಸಹಿ ಹಾಕುವ ಕೈ: ‘ದಿ ಇಂಡಿಯನ್ ಡಾಕ್ಟರ್’ ಧಾರಾವಾಹಿಯ ಪ್ರಕರಣ ಅಧ್ಯಯನ

ವಲಸೆ ಬಂದವರ ಕಥೆಯನ್ನು ಕಿರುತೆರೆಗೆ ತರುವವರು ಮೊದಲು ಹುಡುಕುವುದು ಜಗಳವನ್ನು. ಯಾರೋ ಬಾಗಿಲು ಹಾಕಿಕೊಳ್ಳುತ್ತಾರೆ, ಯಾರೋ ಮೂಗು ಮುರಿಯುತ್ತಾರೆ, ಕೊನೆಗೊಂದು ದಿನ ಊರೆಲ್ಲ ಒಂದೇ ಮೇಜಿನ ಸುತ್ತ ಕೂತು ಉಣ್ಣುತ್ತದೆ. ಬಿಬಿಸಿಯ ‘ದಿ ಇಂಡಿಯನ್ ಡಾಕ್ಟರ್’ ಕೂಡ ಈ ಸವೆದ ದಾರಿಯಲ್ಲಿ ಸಾಕಷ್ಟು ಹೆಜ್ಜೆ ಇಟ್ಟಿದೆ. ಆದರೂ ಅದರ ಬುಡದಲ್ಲಿ ಒಂದು ಗಟ್ಟಿ ಕಲ್ಲಿದೆ. ಇಲ್ಲಿ ಹೊರಗಿನಿಂದ ಬಂದವನ ಬಾಗಿಲಲ್ಲಿ ಊರಿನವರೇ ಬೆಳಿಗ್ಗೆ ಎದ್ದು ಬಂದು ಬೆಂಚಿನ ಮೇಲೆ ಕಾಯುತ್ತಾರೆ. ಅವನು ಅವರಿಗೆ ಇಷ್ಟವಾಗುವುದು ಆಮೇಲಿನ ಮಾತು. ಮೊದಲು ಅವನು ಬೇಕು, ಅವನ ಸಹಿ ಬೇಕು.

1963ರ ಸೌತ್ ವೇಲ್ಸ್. ಟ್ರೆಫೆಲಿನ್ ಎಂಬ ಕಲ್ಪಿತ ಗಣಿ ಹಳ್ಳಿ. ವೆಲ್ಶ್ ಭಾಷೆಯಲ್ಲಿ ‘ಟ್ರೆ’ ಎಂದರೆ ಊರು, ‘ಮೆಲಿನ್’ ಎಂದರೆ ಗಿರಣಿ; ಸಂಧಿಯಲ್ಲಿ ಮ ಹೋಗಿ ವ ಉಚ್ಚಾರ ಬರುತ್ತದೆ, ಬರೆಯುವುದು ಫ ಎಂದು. ಅಲ್ಲಿಗೆ ಡಾಕ್ಟರ್ ಪ್ರೇಮ್ ಶರ್ಮಾ ಮತ್ತು ಪತ್ನಿ ಕಾಮಿನಿ ಬಂದಿಳಿಯುತ್ತಾರೆ. ಪಾತ್ರಗಳಲ್ಲಿ ಸಂಜೀವ್ ಭಾಸ್ಕರ್ ಮತ್ತು ಆಯೇಷಾ ಧಾರ್ಕರ್. ಗಣಿಯ ಮ್ಯಾನೇಜರ್ ಶಾರ್ಪ್ ಆಗಿ ಮಾರ್ಕ್ ವಿಲಿಯಮ್ಸ್. ನಿರ್ಮಾಣ ರಾಂಡೋ ಮೀಡಿಯಾ ಮತ್ತು ಅವತಾರ್ ಪ್ರೊಡಕ್ಷನ್ಸ್ ಜೊತೆಯಾಗಿ. 2010ರ ನವೆಂಬರ್ 15ರ ಸೋಮವಾರದಿಂದ ಐದು ಮಧ್ಯಾಹ್ನ, ದಿನಕ್ಕೊಂದರಂತೆ ಐದು ಕಂತು, ಒಂದೊಂದು ಸುಮಾರು 45 ನಿಮಿಷ. ಆಮೇಲೆ 2012 ಮತ್ತು 2013ರಲ್ಲಿ ತಲಾ ಐದು. ಒಟ್ಟು ಹದಿನೈದು ಕಂತುಗಳಲ್ಲಿ ಕಥೆ ಮುಗಿಯಿತು.

ಮಧ್ಯಾಹ್ನದ ಪ್ರಸಾರ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬ್ರಿಟನ್ನಿನಲ್ಲಿ ಮಧ್ಯಾಹ್ನದ ನಾಟಕಕ್ಕೆ ಸಿಗುವ ಹಣ ರಾತ್ರಿ ಒಂಬತ್ತರ ನಾಟಕಕ್ಕೆ ಸಿಗುವುದರ ಒಂದು ಪಾಲು ಮಾತ್ರ, ಮತ್ತು ಹಳೆಯ ಕಾಲದ ಕಥೆ ಎಂದರೆ ಖರ್ಚು ಬಾಗಿಲಿನಿಂದಲೇ ಶುರು. ಕಾರು, ಬಟ್ಟೆ, ಅಂಗಡಿಯ ಬೋರ್ಡು, ಕಿಟಕಿಯ ಚೌಕಟ್ಟು, ಎಲ್ಲಕ್ಕೂ ದುಡ್ಡು. ಹಾಗಾಗಿ ಕಥೆ ಎಲ್ಲಿ ನಡೆಯಬೇಕು ಎನ್ನುವುದನ್ನು ಲೆಕ್ಕದ ಪುಸ್ತಕವೂ ಅರ್ಧ ಬರೆಯುತ್ತದೆ. ಡಾಕ್ಟರ ಮನೆ, ಅದೇ ಮನೆಯ ಮುಂದಿನ ಕೋಣೆಯಲ್ಲಿ ಕ್ಲಿನಿಕ್, ಒಂದು ಪಬ್, ಒಂದು ಅಂಗಡಿ, ಒಂದು ಬೀದಿ: ಇಷ್ಟರಲ್ಲೇ ನಾಲ್ಕು ಗಂಟೆಯ ಕಥೆ ಹೇಳಬಹುದು. ಕ್ಲಿನಿಕ್ ಇದ್ದರೆ ಊರಿನ ಪ್ರತಿ ಪಾತ್ರವೂ ತಾನಾಗಿ ನಡೆದು ಬರುತ್ತದೆ. ಬರಹಗಾರ ಅವರನ್ನು ಕರೆತರಲು ಕಾರಣ ಹುಡುಕಬೇಕಿಲ್ಲ, ಕೆಮ್ಮು ಸಾಕು.

ಚಿತ್ರೀಕರಣಕ್ಕೆ ಆರಿಸಿದ ಊರು ಬ್ಲೈನಾವನ್. 1789ರಲ್ಲಿ ಕಬ್ಬಿಣದ ಕುಲುಮೆ ಹಚ್ಚಿದ ಊರು, 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೈಗಾರಿಕಾ ಭೂದೃಶ್ಯ. ಅಲ್ಲಿನ ಬಿಗ್ ಪಿಟ್ ಗಣಿ 1980ರಲ್ಲಿ ಮುಚ್ಚಿ, 1983ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಸುಮಾರು 90 ಮೀಟರ್ ಆಳಕ್ಕೆ ಪಂಜರದಲ್ಲಿ ಇಳಿಯಬಹುದು. ಗಣಿ ಕಾರ್ಮಿಕರು ತಮ್ಮ ಕೂಲಿಯಿಂದ ಕಾಸು ಕೂಡಿಸಿ 1890ರ ದಶಕದಲ್ಲಿ ಕಟ್ಟಿಸಿಕೊಂಡ ವರ್ಕ್‌ಮೆನ್ಸ್ ಹಾಲ್ ಇಂದಿಗೂ ನಿಂತಿದೆ. ಜನಸಂಖ್ಯೆ ಕರಗಿ ಹೋದ ಊರಿನಲ್ಲಿ ಹೊಸ ಕಟ್ಟಡ ಏಳುವುದು ಕಡಿಮೆ. ಬಡತನ ಊರನ್ನು ಹಳೆಯದಾಗಿಯೇ ಉಳಿಸಿತು, ಕ್ಯಾಮೆರಾಕ್ಕೆ ಅದೇ ಅನುಕೂಲವಾಯಿತು.

ಇವನು ಇಲ್ಲಿಗೆ ಯಾಕೆ ಬಂದ?

ಈ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲದೆ ಬರೆದ ವಲಸೆ ಕಥೆ ಎರಡನೆಯ ಕಂತಿನಲ್ಲೇ ಕುಂಟುತ್ತದೆ. ಇಲ್ಲಿ ಉತ್ತರ ಇತಿಹಾಸದಲ್ಲೇ ಸಿದ್ಧವಿದೆ.

1948ರ ಜುಲೈ 5ರಂದು ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದರ ಬೀಜ ಇದೇ ಗಣಿ ಕಣಿವೆಗಳದ್ದು: ಟ್ರೆಡೀಗರ್ ಊರಿನ ಕಾರ್ಮಿಕರು ಕೂಲಿಯಿಂದ ಪೆನ್ನಿ ಲೆಕ್ಕದಲ್ಲಿ ಹಣ ಕಟ್ಟಿ ಡಾಕ್ಟರನ್ನು ಇಟ್ಟುಕೊಂಡಿದ್ದ ಪದ್ಧತಿಯನ್ನು ಅದೇ ಊರಿನ ಅನೈರಿನ್ ಬೆವನ್ ಮಂತ್ರಿಯಾಗಿ ದೇಶಕ್ಕೇ ಹಬ್ಬಿಸಿದರು. ಆಮೇಲೆ ಲೆಕ್ಕ ತಪ್ಪಿತು. 1957ರಲ್ಲಿ ಸರ್ಕಾರ ನೇಮಿಸಿದ್ದ ವಿಲಿಂಕ್ ಸಮಿತಿ, ಡಾಕ್ಟರುಗಳು ಮುಂದೆ ಹೆಚ್ಚಾಗಿಬಿಡುತ್ತಾರೆ ಎಂದು ಅಂದಾಜು ಮಾಡಿ, ವೈದ್ಯಕೀಯ ಸೀಟುಗಳನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಸಲು ಹೇಳಿತು. ಅದೇ ಹೊತ್ತಿಗೆ ಬ್ರಿಟಿಷ್ ಡಾಕ್ಟರುಗಳು ಕೆನಡಾ, ಆಸ್ಟ್ರೇಲಿಯಾ, ಅಮೆರಿಕಕ್ಕೆ ಹಡಗು ಹತ್ತುತ್ತಿದ್ದರು. ಖಾಲಿ ಬಿದ್ದ ಕುರ್ಚಿಗಳನ್ನು ಭಾರತ, ಪಾಕಿಸ್ತಾನದಿಂದ ಬಂದವರು ತುಂಬಿದರು. ಭಾರತದ ಅನೇಕ ವಿಶ್ವವಿದ್ಯಾಲಯಗಳ ಎಂಬಿಬಿಎಸ್‌ಗೆ ಬ್ರಿಟನ್ನಿನಲ್ಲಿ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ ಮಾನ್ಯತೆ ಕೊಟ್ಟಿತ್ತು; 1975ರವರೆಗೂ ಅದು ನಡೆಯಿತು. 1962ರ ಜುಲೈ 1ರಿಂದ ಜಾರಿಗೆ ಬಂದ ಕಾಮನ್‌ವೆಲ್ತ್ ವಲಸೆ ಕಾಯ್ದೆ ಕೆಲಸಕ್ಕೆ ಬರುವವರನ್ನು ಪರವಾನಗಿ ವೋಚರ್‌ಗಳ ಮೂಲಕ ಎ, ಬಿ, ಸಿ ಎಂದು ವಿಂಗಡಿಸಿತು. ಕೈಯಲ್ಲಿ ಕೆಲಸದ ಭರವಸೆ ಇದ್ದವರು ಎ, ಪದವಿ ಅಥವಾ ಕುಶಲತೆ ಇದ್ದವರು ಬಿ, ಉಳಿದವರು ಸಿ. ಡಾಕ್ಟರುಗಳ ದಾರಿ ಬಿ. ಬೇರೆಯವರಿಗೆ ಬಾಗಿಲು ಕಿರಿದಾಗುತ್ತಿದ್ದ ವರ್ಷದಲ್ಲೇ ಇವರಿಗೆ ತೆರೆದಿತ್ತು.

ಆಗ ಆರೋಗ್ಯ ಮಂತ್ರಿ ಈನಕ್ ಪೋವೆಲ್, 1960ರ ಜುಲೈನಿಂದ 1963ರ ಅಕ್ಟೋಬರ್ ತನಕ. ಅದೇ ಪೋವೆಲ್ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸೆಯ ವಿರುದ್ಧ ಭಾಷಣ ಮಾಡಿದವರು. ಬರಹಗಾರರಿಗೆ ಈ ವ್ಯಂಗ್ಯ ತಟ್ಟೆಯಲ್ಲಿ ಬಡಿಸಿದ ಹಾಗೆ ಸಿಗುತ್ತದೆ, ಅದಕ್ಕೇ ಎಚ್ಚರ ಬೇಕು. 1963ರ ಪಾತ್ರದ ಬಾಯಲ್ಲಿ 1968ರ ಅರಿವು ಬಂದರೆ ದೃಶ್ಯ ಅಲ್ಲೇ ಸತ್ತಿತು.

ಧಾರಾವಾಹಿ ಇಲ್ಲಿ ಒಂದು ದೊಡ್ಡ ಮೊಟಕು ಮಾಡಿದೆ. ಹೊರಗಿನಿಂದ ಬಂದ ಡಾಕ್ಟರ್ ನೇರವಾಗಿ ಒಂಟಿ ಕ್ಲಿನಿಕ್ಕಿನ ಕುರ್ಚಿಗೆ ಬಂದು ಕೂರುವುದು ಅಪರೂಪ. ಸಾಮಾನ್ಯ ದಾರಿ ಉದ್ದದ್ದು: ಮೊದಲು ಆಸ್ಪತ್ರೆಯಲ್ಲಿ ಜೂನಿಯರ್ ಕೆಲಸ, ಅದೂ ಯಾರಿಗೂ ಬೇಡವಾದ ವೃದ್ಧರ ವಾರ್ಡು, ಮನೋರೋಗದ ವಿಭಾಗ. ಸರ್ಜನ್ ಆಗಲು ಬಂದವನಿಗೆ ಮೇಲಿನ ಮೆಟ್ಟಿಲು ಸಿಗದೆ, ಕೊನೆಗೆ ಕುಟುಂಬ ವೈದ್ಯನಾಗಿ ಕಣಿವೆಗೆ ಹೊರಡುವುದು. ಆಗ ಕುಟುಂಬ ವೈದ್ಯನಾಗಲು ಕಡ್ಡಾಯ ತರಬೇತಿ ಇರಲಿಲ್ಲ, ಪೂರ್ಣ ನೋಂದಣಿ ಸಾಕಿತ್ತು. 1948ರಿಂದ ಕ್ಲಿನಿಕ್ಕಿನ ಹೆಸರು-ಗಿರಾಕಿಗಳನ್ನು ಹಣಕ್ಕೆ ಮಾರುವುದು ನಿಷಿದ್ಧವಾದ್ದರಿಂದ ಖಾಲಿ ಜಾಗಗಳಿಗೆ ಬಂಡವಾಳ ಹಾಕಬೇಕಿರಲಿಲ್ಲ. ಇಷ್ಟು ಗೊತ್ತಿದ್ದರೆ ಸಾಕು, ಗಣಿ ಊರುಗಳಿಗೆ ಭಾರತದ ಡಾಕ್ಟರುಗಳು ಯಾಕೆ ಬಂದರು ಎಂಬುದಕ್ಕೆ ಬೇರೆ ವಿವರಣೆ ಬೇಡ. ಸ್ಥಳೀಯರು ಬೇಡವೆಂದ ಜಾಗ ಅದು. ಐದು ಕಂತಿನ ಕಥೆಯಲ್ಲಿ ಆ ಹಿಂದಿನ ವರ್ಷಗಳನ್ನು ತೋರಿಸಲಾಗದು, ಒಪ್ಪೋಣ. ಆದರೆ ಅವನ್ನು ಅಳಿಸಿದಾಗ ಡಾಕ್ಟರನ ಆಯಾಸವೂ ಅಳಿಸಿಹೋಗುತ್ತದೆ. ಮೊದಲ ದಿನವೇ ಹೊಸ ಉತ್ಸಾಹದಿಂದ ಬರುವ ಶರ್ಮಾನಿಗಿಂತ, ನಾಲ್ಕು ಸಂದರ್ಶನಗಳಲ್ಲಿ ನಯವಾಗಿ ತಿರಸ್ಕೃತನಾಗಿ ಬರುವ ಶರ್ಮಾ ಹೆಚ್ಚು ಸಂಕೀರ್ಣ ಮನುಷ್ಯ.

ಕ್ಲಿನಿಕ್ಕಿನ ಯಂತ್ರ

ಆ ಕಾಲದಲ್ಲಿ ಒಂಟಿ ಡಾಕ್ಟರನ ಸಂಬಳ ಅವನ ಪಟ್ಟಿಯಲ್ಲಿರುವ ತಲೆಗಳ ಮೇಲೆ. ಗರಿಷ್ಠ 3500 ಹೆಸರು. ನೋಡಿದರೂ ನೋಡದಿದ್ದರೂ ತಲೆಗಿಷ್ಟು. ಹಿಂದಿನ ಡಾಕ್ಟರ್ ತೀರಿಕೊಂಡರೆ ಆ ಪಟ್ಟಿ ಹೊಸಬನ ಕೈಗೆ ಬರುತ್ತದೆ, ಆದರೆ ಯಾರು ಬೇಕಾದರೂ ಬೇರೆ ಡಾಕ್ಟರನಿಗೆ ಹೆಸರು ಬದಲಿಸಬಹುದು. ಅಂದರೆ ಊರಿನ ಅಸಮಾಧಾನಕ್ಕೆ ಒಂದು ನಿಖರ ರೂಪವಿದೆ: ತಮ್ಮ ನೋಂದಣಿ ಕಾರ್ಡು ವಾಪಸ್ ತೆಗೆದುಕೊಂಡು ಹೋಗುವುದು. ಕಲ್ಲು ತೂರುವುದಕ್ಕಿಂತ ಇದು ಹೆಚ್ಚು ನೋಯಿಸುತ್ತದೆ, ಕಿರುತೆರೆಯಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಅಡ್ಡಿ ಒಂದೇ. ಮುಂದಿನ ಡಾಕ್ಟರ್ ಇರುವುದು ಬೆಟ್ಟದ ಆಚೆ ಕಣಿವೆಯಲ್ಲಿ, ಬಸ್ಸು ಗಂಟೆಗೊಂದು, ಉಸಿರು ಅರ್ಧದಷ್ಟೇ ಉಳಿದವನು ಬೆಟ್ಟ ಹತ್ತಲಾರ.

ಡಾಕ್ಟರನನ್ನು ಕಾಣಲು ಹಣ ಕೊಡಬೇಕಿರಲಿಲ್ಲ, ಆದರೆ ಔಷಧಿಗೆ ಕೊಡಬೇಕಿತ್ತು. 1961ರಿಂದ ಚೀಟಿಯಲ್ಲಿ ಬರೆದ ಒಂದೊಂದು ಔಷಧಿಗೂ ಎರಡು ಶಿಲ್ಲಿಂಗ್. ಅದು ರದ್ದಾದದ್ದು 1965ರ ಫೆಬ್ರವರಿಯಲ್ಲಿ. ಹಾಗಾಗಿ 1963ರಲ್ಲಿ ಮೂರು ಔಷಧಿ ಬರೆದ ಚೀಟಿ ಹಿಡಿದ ತಾಯಿ ಔಷಧಿ ಅಂಗಡಿಯಲ್ಲಿ ಆರು ಶಿಲ್ಲಿಂಗ್ ಎಣಿಸಬೇಕು. ಅವಳು ಬಾಗಿಲ ತನಕ ಹೋಗಿ, ತಿರುಗಿ ಬಂದು, ‘ಇದರಲ್ಲಿ ಯಾವುದು ಬಿಟ್ಟರೆ ನಡೆಯುತ್ತೆ?’ ಎಂದು ಕೇಳುವ ಒಂದು ದೃಶ್ಯ ಡಾಕ್ಟರನಿಗೆ ಊರನ್ನು ಪರಿಚಯಿಸಿದಷ್ಟು ಹತ್ತು ನಿಮಿಷದ ಭಾಷಣ ಪರಿಚಯಿಸದು. ಬಡವರು ಸಹಾಯ ಕಚೇರಿಯಿಂದ ಆ ಹಣವನ್ನು ಆಮೇಲೆ ವಾಪಸ್ ಪಡೆಯಬಹುದಿತ್ತು ನಿಜ, ಆದರೆ ಮೊದಲು ಕೈಯಿಂದ ಕೊಡಬೇಕಲ್ಲ.

ಇನ್ನು ಸಹಿಯ ವಿಷಯ. ಕೆಲಸಕ್ಕೆ ಹೋಗಲಾಗದವನಿಗೆ ವಿಮೆಯ ಹಣ ಬರಬೇಕಾದರೆ ಡಾಕ್ಟರನ ಪ್ರಮಾಣಪತ್ರ ಬೇಕು: ಮೊದಲನೆಯದು, ನಡುನಡುವಿನವು, ಕೊನೆಗೆ ‘ಕೆಲಸಕ್ಕೆ ತಕ್ಕವನಾಗಿದ್ದಾನೆ’ ಎನ್ನುವ ಅಂತಿಮ ಪತ್ರ. ಹೀಗೆ ಮನೆಯಲ್ಲಿ ಕೂತವನನ್ನು ಕಣಿವೆಯಲ್ಲಿ ‘ಕ್ಲಬ್ಬಿನ ಮೇಲಿದ್ದಾನೆ’ ಎನ್ನುತ್ತಿದ್ದರು. ಸೋಮವಾರ ಬೆಳಗಿನ ಬೆಂಚು ಇದಕ್ಕಾಗಿಯೇ ತುಂಬುತ್ತದೆ. ಬೆನ್ನುನೋವು ಎಂದವನಿಗೆ ಪ್ರಶ್ನೆ ಕೇಳದೆ ಸಹಿ ಹಾಕಿದರೆ ಗಣಿಯ ಕಚೇರಿಗೆ ಸಿಟ್ಟು, ಹಾಕದಿದ್ದರೆ ಊರಿಗೆ ಸಿಟ್ಟು. ಹೊರಗಿನವನೊಬ್ಬ ಊರಿನ ಎರಡು ಬಣಗಳ ನಡುವೆ ಮೊದಲ ವಾರವೇ ಸಿಕ್ಕಿಕೊಳ್ಳಲು ಚರ್ಮದ ಬಣ್ಣವೇ ಬೇಕೆಂದಿಲ್ಲ. ಶಾಯಿ ಸಾಕು.

ಫೋನು ಎತ್ತುವವರು ಯಾರು? ಹೆಂಡತಿ. 1966ರಲ್ಲಿ ಕುಟುಂಬ ವೈದ್ಯರ ಹೊಸ ಒಪ್ಪಂದ ಬಂದು, ಸಹಾಯಕ ಸಿಬ್ಬಂದಿಯ ಸಂಬಳದ 70 ಪರ್ಸೆಂಟ್ ಸರ್ಕಾರ ಕೊಡಲು ಒಪ್ಪುವ ತನಕ ಅನೇಕ ಒಂಟಿ ಕ್ಲಿನಿಕ್ಕುಗಳು ನಡೆದದ್ದೇ ಡಾಕ್ಟರನ ಹೆಂಡತಿಯ ಬಿಟ್ಟಿ ದುಡಿಮೆಯಿಂದ. ರಾತ್ರಿ ಎರಡಕ್ಕೆ ಫೋನು ಬಂದಾಗ ಮನೆ ಹೆಸರು ಬರೆದುಕೊಳ್ಳುವುದು, ಯಾರನ್ನು ಮೊದಲು ಒಳಗೆ ಬಿಡಬೇಕು ಎಂದು ನಿರ್ಧರಿಸುವುದು ಎಲ್ಲವೂ ಅವಳದ್ದೇ. ಊರಿನ ಹೆಂಗಸರು ಕಾಮಿನಿಯಿಂದ ನಿರೀಕ್ಷಿಸುವುದು ಇದನ್ನೇ. ಕಾಮಿನಿಯೋ ಸಿರಿವಂತ ಮನೆಯಲ್ಲಿ ಬೆಳೆದವಳು, ಆಳುಕಾಳು ಕಂಡವಳು. ಧಾರಾವಾಹಿಯ ಅತ್ಯುತ್ತಮ ನಿರ್ಧಾರ ಇದು ಎನ್ನಬೇಕು. ತಿರಸ್ಕಾರ ಎರಡೂ ಕಡೆಯಿಂದ ಹರಿಯುತ್ತದೆ. ಊರು ಅವಳ ಸೀರೆಯನ್ನು ದಿಟ್ಟಿಸುತ್ತದೆ, ಅವಳು ಊರಿನ ಮಸಿಯನ್ನು ದಿಟ್ಟಿಸುತ್ತಾಳೆ. ಬಣ್ಣ ನೋಡಿ ತನ್ನನ್ನು ಕೆಳಗಿಟ್ಟವರಿಗಿಂತ ಅಂತಸ್ತಿನಲ್ಲಿ ಮೇಲಿರುವವಳು ಅವಳು, ಮತ್ತು ಇದನ್ನು ಮರೆಯಲು ಅವಳಿಗೆ ಮನಸ್ಸಿಲ್ಲ. ಇದರ ಹಿಂದಿನ ಆರ್ಥಿಕ ಸಂಗತಿಯನ್ನೂ ಬಳಸಿಕೊಳ್ಳಬಹುದಿತ್ತು: ವಿದೇಶಿ ವಿನಿಮಯದ ಬಿಗಿ ನಿಯಮದಿಂದಾಗಿ ಆ ಕಾಲದಲ್ಲಿ ಭಾರತ ಬಿಟ್ಟವರ ಕಿಸೆಯಲ್ಲಿ ಮೂರು ಪೌಂಡ್ ಇರುತ್ತಿತ್ತು. ತವರಿನಲ್ಲಿ ಎಷ್ಟೇ ಆಸ್ತಿ ಇರಲಿ, ವೇಲ್ಸಿನ ಪಾದಚಾರಿ ಕಲ್ಲಿನ ಮೇಲೆ ಅವಳು ಮೊದಲ ಸಂಬಳಕ್ಕೆ ಕಾಯಬೇಕಾದ ಹೆಂಗಸು.

ಧೂಳು

ಮೊದಲ ಸರಣಿಯ ಮುಖ್ಯ ಎಳೆ ಗಣಿಯ ಆಡಳಿತ ಮತ್ತು ಡಾಕ್ಟರನ ನಡುವಿನದು. ಹಿಂದಿನ ಡಾಕ್ಟರ್ ಬರೆದಿಟ್ಟದ್ದು, ಹೊರಬರುವುದು ಮ್ಯಾನೇಜರಿಗೆ ಬೇಡವಾದದ್ದು, ಹೊಸಬನ ಕೈಗೆ ಸಿಗುವುದು. ನಾಟಕಕ್ಕೆ ಒಳ್ಳೆಯ ಕೊಕ್ಕೆ. ವಿಷಯ ಗೊತ್ತಿರುವವರಿಗೆ ಮಾತ್ರ ಇಲ್ಲಿ ಕಸಿವಿಸಿಯಾಗುತ್ತದೆ, ಯಾಕೆಂದರೆ ನಿಜವಾದ ವ್ಯವಸ್ಥೆ ಇದಕ್ಕಿಂತ ಕ್ರೂರ, ಮತ್ತು ಅದರಲ್ಲಿ ಖಳನಾಯಕನೇ ಇಲ್ಲ.

ಕಲ್ಲಿದ್ದಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ರೋಗ ನ್ಯೂಮೊಕೋನಿಯೋಸಿಸ್. ಕಣಿವೆಯಲ್ಲಿ ಆ ಹೆಸರು ಯಾರೂ ಹೇಳುವುದಿಲ್ಲ. ‘ಧೂಳು’ ಅಷ್ಟೇ. ‘ಅವನಿಗೆ ಧೂಳು’, ‘ಐವತ್ತು ಪರ್ಸೆಂಟ್ ಧೂಳು’, ‘ನೂರು ಪರ್ಸೆಂಟ್’. ಈ ಪರ್ಸೆಂಟ್ ಕೊಡುವ ಅಧಿಕಾರ ಊರಿನ ಡಾಕ್ಟರನಿಗಿರಲಿಲ್ಲ. ಅದಕ್ಕೆಂದೇ ಇದ್ದ ವೈದ್ಯಕೀಯ ಮಂಡಳಿ ಎಕ್ಸ್‌ರೇ ನೋಡಿ, ಉಸಿರು ಪರೀಕ್ಷಿಸಿ, ಅಂಗವೈಕಲ್ಯದ ಅಂಕಿ ಬರೆಯುತ್ತಿತ್ತು, ಪಿಂಚಣಿ ಆ ಅಂಕಿಗೆ ತಕ್ಕಷ್ಟು. ಎಕ್ಸ್‌ರೇ ಓದುವುದಕ್ಕೂ ಶ್ರೇಣಿಗಳಿವೆ: ಸರಳ ರೋಗಕ್ಕೆ 1, 2, 3, ಮುದ್ದೆಗಟ್ಟಿ ಹಬ್ಬುವ ಉಲ್ಬಣ ರೂಪಕ್ಕೆ ಎ, ಬಿ, ಸಿ. ಗೋಜಲು ಎಲ್ಲಿ ಎಂದರೆ, ಚಿತ್ರ ಮತ್ತು ಉಸಿರು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಕ್ಸ್‌ರೇಯಲ್ಲಿ ಅಷ್ಟೇನೂ ಕಾಣದವನು ಹತ್ತು ಮೆಟ್ಟಿಲು ಹತ್ತಲಾರ. ಅವನಿಗಿರುವುದು ದೀರ್ಘಕಾಲದ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಮತ್ತು ಎಂಫೈಸೀಮಾ (ಶ್ವಾಸಕೋಶದ ಗಾಳಿಗೂಡುಗಳು ಹಾಳಾಗುವುದು) ಇರಬಹುದು, ಮತ್ತು ಇವನ್ನು ಗಣಿ ಕಾರ್ಮಿಕರ ಉದ್ಯೋಗಜನ್ಯ ರೋಗವೆಂದು ಬ್ರಿಟನ್ ಒಪ್ಪಿಕೊಂಡದ್ದು 1993ರಲ್ಲಿ. ಶರ್ಮಾ ಎಷ್ಟೇ ಪ್ರಾಮಾಣಿಕನಾಗಿರಲಿ, 1963ರಲ್ಲಿ ಅವನು ಬರೆದ ‘ಬ್ರಾಂಕೈಟಿಸ್’ ಎಂಬ ಸರಿಯಾದ ರೋಗನಿರ್ಣಯ ಒಂದು ಕುಟುಂಬದ ಪಿಂಚಣಿಗೆ ಕಲ್ಲು ಹಾಕುತ್ತದೆ.

ಇನ್ನೊಂದು ಗಂಟು ಹೆದರಿಕೆಯದ್ದು. 1943ರಿಂದ 1948ರವರೆಗೆ ಧೂಳಿನ ರೋಗವೆಂದು ಪ್ರಮಾಣಪತ್ರ ಸಿಕ್ಕವನು ಗಣಿ ಕೆಲಸ ಬಿಡಲೇಬೇಕಿತ್ತು. ಸೌತ್ ವೇಲ್ಸಿನಲ್ಲಿ ಸಾವಿರಾರು ಜನ ಹೀಗೆ ಬೀದಿಗೆ ಬಿದ್ದರು. ನಿಯಮ ಸಡಿಲವಾದರೂ ನೆನಪು ಸಡಿಲವಾಗಲಿಲ್ಲ. ಆದ್ದರಿಂದ ಕೆಮ್ಮು ಮುಚ್ಚಿಡುವ ಗಂಡಸರು, ಎಕ್ಸ್‌ರೇ ಬೇಡವೆನ್ನುವ ತಂದೆ, ‘ಬರೀ ಶೀತ’ ಎನ್ನುವ ಹೆಂಡತಿ. ಹೊಸ ಡಾಕ್ಟರನಿಗೆ ಇದು ಅಪನಂಬಿಕೆಯ ಹಾಗೆ, ಜನಾಂಗದ್ವೇಷದ ಹಾಗೆ ಕಾಣಬಹುದು. ನಿಜಕ್ಕೆ ಅದು ಯಾವ ಡಾಕ್ಟರ್ ಬಂದರೂ ಇರುತ್ತಿದ್ದ ಹೆದರಿಕೆ. ಈ ತಪ್ಪು ತಿಳಿವಳಿಕೆಯೊಂದನ್ನೇ ಬೆಳೆಸಿದ್ದರೂ ಸರಣಿಗೆ ಇನ್ನಷ್ಟು ಆಳ ಬರುತ್ತಿತ್ತು.

ಗಣಿಯ ಒಡೆಯ ಯಾರು ಎನ್ನುವುದೂ ಮುಖ್ಯ. 1947ರ ಜನವರಿ 1ರಂದು ಗಣಿಗಳು ರಾಷ್ಟ್ರೀಕರಣವಾದವು. 1963ರ ಮ್ಯಾನೇಜರ್ ನ್ಯಾಷನಲ್ ಕೋಲ್ ಬೋರ್ಡಿನ ನೌಕರ. ಜನ ತಮ್ಮದೇ ಎಂದು ಸಂಭ್ರಮಿಸಿ ಬಾವುಟ ಏರಿಸಿದ ಸಂಸ್ಥೆಯದು. ಅದರ ವಿರುದ್ಧ ದೂರುವುದೆಂದರೆ ತಮ್ಮ ಗೆಲುವಿನ ವಿರುದ್ಧವೇ ದೂರಿದಂತೆ. ಅಲ್ಲದೆ ಪರಿಹಾರದ ಅರ್ಜಿ ಹೊತ್ತು ಓಡಾಡುತ್ತಿದ್ದದ್ದು ಒಂಟಿ ಡಾಕ್ಟರನಲ್ಲ, ಕಾರ್ಮಿಕ ಸಂಘದ ಲಾಡ್ಜ್, ಅಂದರೆ ಅದರ ಸ್ಥಳೀಯ ಶಾಖೆ. ವೈದ್ಯಕೀಯ ಮಂಡಳಿಯ ನಿಯಮಗಳನ್ನು ಅರೆದು ಕುಡಿದವರು ಅಲ್ಲೇ ಇದ್ದರು. ಕಥೆ ಹೊರಗಿನಿಂದ ಬಂದ ಒಳ್ಳೆಯವನ ಕೈಗೆ ಎಲ್ಲವನ್ನೂ ಕೊಟ್ಟಾಗ ಊರಿನ ಈ ಬುದ್ಧಿವಂತಿಕೆ ಮರೆಯಾಗುತ್ತದೆ. ವಲಸಿಗನನ್ನು ಮೇಲೆತ್ತುವ ಭರದಲ್ಲಿ ಹಳ್ಳಿಯನ್ನು ದಡ್ಡ ಮಾಡುವುದು ಈ ಬಗೆಯ ಧಾರಾವಾಹಿಗಳಿಗೆ ಅಂಟಿದ ರೋಗ.

ಮತ್ತು ಸಾವಿನ ನಂತರದ ಒಂದು ಕ್ರಮ. ಗಂಡ ಧೂಳಿನಿಂದಲೇ ಸತ್ತನೆಂದು ಸಾಬೀತಾಗಬೇಕಾದರೆ ಶವಪರೀಕ್ಷೆಯಲ್ಲಿ ಶ್ವಾಸಕೋಶ ಹೊರತೆಗೆದು ಮಂಡಳಿಯ ಪರೀಕ್ಷೆಗೆ ಕಳಿಸಬೇಕು. ಸಾವಿನ ವಿಚಾರಣಾಧಿಕಾರಿ ತಾನೇ ಆದೇಶಿಸದಿದ್ದರೆ ಅದಕ್ಕೆ ಹೆಂಡತಿ ಒಪ್ಪಬೇಕು. ಇತ್ತ ಮನೆಯ ಮುಂದಿನ ಕೋಣೆಯಲ್ಲಿ ಪರದೆ ಎಳೆದು ದೇಹ ಇಟ್ಟಿರುತ್ತಾರೆ, ಅತ್ತ ಡಾಕ್ಟರ್ ಅಡುಗೆಮನೆಯ ಮೇಜಿನ ಬಳಿ ನಿಂತು ಒಂದು ಕಾಗದಕ್ಕೆ ಅವಳ ಸಹಿ ಕೇಳಬೇಕು. ಮೊದಲ ಸಲ ಸಹಿ ಅವನದ್ದಲ್ಲ, ಅವಳದ್ದು. ಅವನು ಅನ್ಯನೋ ಆಪ್ತನೋ ಎಂಬುದು ಆ ಕೋಣೆಯಲ್ಲಿ ತೀರ್ಮಾನವಾಗುತ್ತದೆ.

ಸಿಡುಬು

ಎರಡನೆಯ ಸರಣಿ ಸಿಡುಬಿನ ಭೀತಿಯನ್ನು ಹಳ್ಳಿಗೆ ತರುತ್ತದೆ. ಕಲ್ಪನೆಯಲ್ಲ. 1962ರಲ್ಲಿ ಸೌತ್ ವೇಲ್ಸಿನಲ್ಲಿ ನಿಜಕ್ಕೂ ಸಿಡುಬು ಹಬ್ಬಿತ್ತು: ಕಾರ್ಡಿಫ್, ರೋಂಡಾ, ಬ್ರಿಜೆಂಡ್. 45 ಜನರಿಗೆ ತಗುಲಿ 19 ಜನ ತೀರಿಕೊಂಡರು, ಸುಮಾರು 9 ಲಕ್ಷ ಜನ ಲಸಿಕೆಗೆ ಸಾಲುಗಟ್ಟಿದರು. ರೋಗ ಪಾಕಿಸ್ತಾನದಿಂದ ಬಂದ ಪ್ರಯಾಣಿಕರೊಬ್ಬರೊಂದಿಗೆ ಬಂದಿತ್ತಾದ್ದರಿಂದ ಆ ದಿನಗಳಲ್ಲಿ ಕಂದು ಚರ್ಮದವರೆಲ್ಲ ಅನುಮಾನಕ್ಕೆ ಗುರಿಯಾದರು. ಇಂಥ ಹೊತ್ತಿನಲ್ಲಿ ಭಾರತೀಯ ಡಾಕ್ಟರ್ ಎಂಬ ಪಾತ್ರ ಎರಡು ಅಲಗಿನ ಕತ್ತಿ. ಬೀದಿಯ ಕಣ್ಣಿಗೆ ಅವನೇ ರೋಗ. ಆದರೆ ಆ ಕಣಿವೆಯಲ್ಲಿ ಸಿಡುಬನ್ನು ಕಣ್ಣಾರೆ ಕಂಡಿರಬಹುದಾದ ಡಾಕ್ಟರ್ ಕೂಡ ಅವನೇ. ಬ್ರಿಟಿಷ್ ಕುಟುಂಬ ವೈದ್ಯರಿಗೆ ಅದು ಪುಸ್ತಕದ ಚಿತ್ರ.

ಮೇಕಪ್ ವಿಭಾಗಕ್ಕೆ ಇಲ್ಲಿ ಒಂದು ಪಾಠವಿದೆ. ಸಿಡುಬಿನ ಬೊಕ್ಕೆಗಳು ಮುಖ, ಮುಂಗೈ, ಕಾಲುಗಳಲ್ಲಿ ದಟ್ಟ, ಹೊಟ್ಟೆ-ಬೆನ್ನಿನಲ್ಲಿ ವಿರಳ. ಅಂಗೈ, ಅಂಗಾಲಿಗೂ ಬರುತ್ತವೆ. ಒಂದು ಭಾಗದ ಬೊಕ್ಕೆಗಳೆಲ್ಲ ಒಂದೇ ಹಂತದಲ್ಲಿರುತ್ತವೆ, ಮುಟ್ಟಿದರೆ ಚರ್ಮದಡಿ ಕಾಳು ಹೂತಿಟ್ಟ ಹಾಗೆ ಗಟ್ಟಿ. ಸೀತಾಳೆ ಸಿಡುಬು (ಚಿಕನ್ ಪಾಕ್ಸ್) ಇದರ ತಿರುಗುಮುರುಗು: ಎದೆ-ಬೆನ್ನಿನಲ್ಲಿ ಹೆಚ್ಚು, ಒಂದರ ಪಕ್ಕ ನೀರುಗುಳ್ಳೆ, ಅದರ ಪಕ್ಕ ಒಣಗಿದ ಹಕ್ಕಳೆ. ಮೇಕಪ್‌ನವರು ಅಂದಕ್ಕೆಂದು ಚಿಕ್ಕದು-ದೊಡ್ಡದು, ಹೊಸದು-ಹಳೆಯದು ಬೆರೆಸಿ ಅಂಟಿಸಿದರೆ ಡಾಕ್ಟರ್ ಸಿಡುಬೆಂದು ಘೋಷಿಸುವ ಹೊತ್ತಿಗೆ ಪರದೆಯ ಮೇಲಿರುವುದು ಸೀತಾಳೆ. ಕಾಲದ ಲೆಕ್ಕವೂ ತಪ್ಪಬಾರದು. ಸೋಂಕು ತಗುಲಿ ಜ್ವರ ಬರಲು ಸುಮಾರು ಹನ್ನೆರಡು ದಿನ, ಬೊಕ್ಕೆ ಏಳಲು ಮತ್ತೆರಡು ಮೂರು ದಿನ, ಸಂಪರ್ಕಕ್ಕೆ ಬಂದವರ ಮೇಲೆ ಹದಿನಾರು ದಿನ ಕಣ್ಗಾವಲು. ಇವತ್ತು ಕೈ ಕುಲುಕಿ ನಾಳೆ ಬೊಕ್ಕೆ ಏಳುವುದು ಬರಹಗಾರನ ಅವಸರ ಮಾತ್ರ. ಐದು ಕಂತಿನ ಕಥೆಗೆ ಈ ಹನ್ನೆರಡು ದಿನ ಹೊರೆಯಲ್ಲ, ವರ. ಏನೂ ಆಗದ ದಿನಗಳಲ್ಲೇ ಊರು ಪರಸ್ಪರ ಬೆರಳು ತೋರಿಸುವುದು.

1963 ಕಾಣಬೇಕಾದದ್ದು ಹೇಗೆ

ವೇಲ್ಸಿನಲ್ಲಿ ಹಳೆಯ ಕಾಲ ಕಟ್ಟುವವರ ಮೊದಲ ಶತ್ರು ನೆಲದ ಮೇಲೇ ಇದೆ: ‘ಆರಾಫ್’. ವೆಲ್ಶ್‌ನಲ್ಲಿ ‘ನಿಧಾನ’ ಎಂದರ್ಥ. ಇಂದು ರಸ್ತೆಗಳಲ್ಲಿ ದೊಡ್ಡ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಜೊತೆ ಬರೆದಿರುತ್ತದೆ. ದ್ವಿಭಾಷಾ ಫಲಕಗಳು ಹೋರಾಟದ ಫಲವಾಗಿ 1970ರ ದಶಕದಿಂದ ಬಂದವು. ಹಾಗಾಗಿ 1963ರ ಬೀದಿಯಲ್ಲಿ ಆರಾಫ್ ಕಂಡರೆ ಕಥೆ ಕೆಟ್ಟಿತು. ಮಣ್ಣು, ಬೂದು ಚೆಲ್ಲಿ ಮುಚ್ಚಬೇಕು, ಇಲ್ಲವೇ ಮನೆಗೆ ಇಳಿಸಿದ ಕಲ್ಲಿದ್ದಲ ರಾಶಿಯನ್ನೇ ಅದರ ಮೇಲೆ ಹಾಕಬೇಕು. ಎರಡನೆಯದು ಜಾಣತನ, ಗಣಿ ಕಾರ್ಮಿಕರಿಗೆ ರಿಯಾಯಿತಿ ಕಲ್ಲಿದ್ದಲು ಬಾಗಿಲಿಗೇ ಬಂದು ಬೀಳುತ್ತಿತ್ತು. ಈಗಿನ ರಸ್ತೆ ಚಿಹ್ನೆಗಳು 1965ರ ಜನವರಿಯಿಂದ ಬಂದವು, ಅದಕ್ಕೆ ಮುಂಚಿನವು ಬೇರೆ ಆಕಾರ. ಕಾರಿನ ನಂಬರಿನ ಕೊನೆಯಲ್ಲಿ ವರ್ಷ ಸೂಚಿಸುವ ಅಕ್ಷರ ಶುರುವಾದದ್ದು 1963ರಲ್ಲಿ ‘ಎ’ಯಿಂದ, ಅದೂ ಎಲ್ಲ ಕಡೆ ಅಲ್ಲ; ‘ಸಿ’ ಇದ್ದರೆ ಅದು 1965ರ ಕಾರು. ಫಲಕ ಕಪ್ಪು, ಅಕ್ಷರ ಬಿಳಿ ಅಥವಾ ಬೆಳ್ಳಿ. ಹೊಳೆಯುವ ಬಿಳಿ-ಹಳದಿ ಫಲಕ 1968ಕ್ಕೆ ಮುಂಚೆ ಇಲ್ಲ. ಊರು ಮಾನ್‌ಮೌತ್‌ಶೈರ್ ಜಿಲ್ಲೆಯದಾದರೆ ನಂಬರಿನಲ್ಲಿ ಎಎಕ್ಸ್ ಅಥವಾ ಡಬ್ಲ್ಯುಒ ಅಕ್ಷರಗಳಿದ್ದರೆ ಇನ್ನೂ ಚೆಂದ. ಗಲ್ಲಾಪೆಟ್ಟಿಗೆಯಲ್ಲಿ ಹನ್ನೆರಡು ಪೆನ್ನಿಗೆ ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಪೌಂಡ್. ಫಾರ್ದಿಂಗ್ ನಾಣ್ಯ 1960ರ ಕೊನೆಗೇ ಚಲಾವಣೆ ಕಳೆದುಕೊಂಡಿತ್ತು, ಅದನ್ನು ತೋರಿಸಬೇಡಿ.

ಕಪ್ಪು ಮುಖದ ಕಾರ್ಮಿಕರು ಸಂಜೆ ಸಾಲಾಗಿ ಮನೆಗೆ ನಡೆಯುವ ದೃಶ್ಯವನ್ನು ಗಣಿ ಕಥೆ ಮಾಡುವ ಯಾವ ನಿರ್ದೇಶಕನೂ ಬಿಡಲೊಲ್ಲ. ಬಿಡಬೇಕು. ಬಿಗ್ ಪಿಟ್‌ನಲ್ಲಿ ಸ್ನಾನದ ಕಟ್ಟಡ ಬಂದದ್ದು 1939ರಲ್ಲಿ. 1963ರ ಹೊತ್ತಿಗೆ ಬಹುತೇಕ ಗಣಿಗಳಲ್ಲಿ ಮಿಂದು, ಬಟ್ಟೆ ಬದಲಿಸಿ ಮನೆಗೆ ಹೋಗುತ್ತಿದ್ದರು. ಧೂಳು ಉಳಿಯುತ್ತಿದ್ದದ್ದು ಕಣ್ಣಿನ ರೆಪ್ಪೆಯ ಅಂಚಿನಲ್ಲಿ, ಕಾಡಿಗೆಯ ಗೆರೆಯ ಹಾಗೆ, ಮತ್ತು ಗಾಯದೊಳಗೆ ಸೇರಿ ಮಾಗಿದ ನೀಲಿ ಕಲೆಗಳಲ್ಲಿ. ಡಾಕ್ಟರ್ ಶರ್ಟು ಬಿಚ್ಚಿಸಿ ಸ್ಟೆತಾಸ್ಕೋಪ್ ಇಟ್ಟಾಗ ಬೆನ್ನಹುರಿಯ ಗುಂಟ ಕಾಣುವ ಆ ನೀಲಿ ಚುಕ್ಕೆಗಳು ಇಡೀ ಮೆರವಣಿಗೆಗಿಂತ ಹೆಚ್ಚು ಹೇಳುತ್ತವೆ.

ಪಬ್ಬಿನ ಭಾನುವಾರವೂ ಒಂದು ಬೋನು. 1961ರ ನವೆಂಬರಿನ ಮತದಾನದ ನಂತರ ವೇಲ್ಸಿನಲ್ಲಿ ಭಾನುವಾರ ಪಬ್ ತೆರೆಯಬೇಕೋ ಬೇಡವೋ ಎಂಬುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆಯಾಯಿತು. ಗ್ಲಾಮೋರ್ಗನ್, ಮಾನ್‌ಮೌತ್‌ಶೈರ್ ತೆರೆದವು, ಪಶ್ಚಿಮದ ಜಿಲ್ಲೆಗಳು ಮುಚ್ಚಿಕೊಂಡವು. ಕಲ್ಪಿತ ಊರಾದರೂ ಯಾವ ಜಿಲ್ಲೆ ಎಂದು ಬರಹಗಾರ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳದೆ ಗತಿಯಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ಒಂದು ಬಂಗಾರದ ಅವಕಾಶ ಕೈಜಾರಿದೆ. 1961ರ ಜನಗಣತಿಯಲ್ಲಿ ವೆಲ್ಶ್ ಬಲ್ಲವರು 26 ಪರ್ಸೆಂಟ್. 1962ರ ಫೆಬ್ರವರಿಯಲ್ಲಿ ವೆಲ್ಶ್ ಸಾಹಿತಿ ಸಾಂಡರ್ಸ್ ಲೂಯಿಸ್ ರೇಡಿಯೋದಲ್ಲಿ ಭಾಷೆಯ ಅಳಿವಿನ ಬಗ್ಗೆ ಮಾತಾಡಿದರು, ಅದೇ ವರ್ಷ ವೆಲ್ಶ್ ಭಾಷಾ ಸಂಘ ಹುಟ್ಟಿತು, 1963ರ ಫೆಬ್ರವರಿ 2ರಂದು ಅಬರಿಸ್ಟ್‌ವಿತ್‌ನ ಸೇತುವೆಯ ಮೇಲೆ ವಿದ್ಯಾರ್ಥಿಗಳು ಹಿಮದಲ್ಲಿ ಕೂತು ರಸ್ತೆ ತಡೆದರು. ಶರ್ಮಾ ದಂಪತಿ ಬರುವ ವರ್ಷವೇ ಅದು. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತು ಬಂದ ಡಾಕ್ಟರ್, ಇಂಗ್ಲಿಷಿಗಾಗಿ ಅಜ್ಜಿಯ ಮಾತು ಬಿಟ್ಟುಕೊಟ್ಟ ಹಳ್ಳಿ: ಇಬ್ಬರೂ ಮೂರನೆಯವರ ಭಾಷೆಯಲ್ಲಿ ನೋವಿನ ಜಾಗ ಹೇಳಿ ಕೇಳಿಕೊಳ್ಳುತ್ತಿದ್ದಾರೆ. ಜ್ವರದ ಗುಂಗಿನಲ್ಲಿ ಮುದುಕಿಯೊಬ್ಬಳು ವೆಲ್ಶ್‌ಗೆ ಜಾರಿದರೆ, ಡಾಕ್ಟರನಿಗೆ ಅರ್ಥವಾಗುವುದಿಲ್ಲ, ಪಕ್ಕದಲ್ಲಿರುವ ಅವಳ ಮೊಮ್ಮಗನಿಗೂ ಅರ್ಥವಾಗುವುದಿಲ್ಲ.

ಕೊನೆಗೆ ದೃಶ್ಯಕ್ಕೆ ಬೇಕಾದ ವಸ್ತುಗಳನ್ನು ಜೋಡಿಸುವ ಪ್ರಾಪ್ಸ್ ವಿಭಾಗದವರಿಗೆ ಒಂದು ಕೆಲಸ. ಆ ಕಾಲದ ಕುಟುಂಬ ವೈದ್ಯರ ಕಪಾಟಿನಲ್ಲಿ ಪ್ರತಿ ರೋಗಿಗೂ ಒಂದು ದಪ್ಪ ಕಾಗದದ ಲಕೋಟೆ ಇರುತ್ತಿತ್ತು, ಸುಮಾರು ಏಳು ಅಂಗುಲ ಉದ್ದ, ಐದು ಅಂಗುಲ ಅಗಲ. 1911ರಲ್ಲಿ ಆರೋಗ್ಯ ವಿಮೆ ತಂದ ಮಂತ್ರಿಯ ನೆನಪಿಗೆ ಅದನ್ನು ಲಾಯ್ಡ್ ಜಾರ್ಜ್ ಲಕೋಟೆ ಎನ್ನುತ್ತಾರೆ. ಒಳಗೆ ಗೆರೆ ಎಳೆದ ಕಾರ್ಡು, ರೋಗಿ ಪಟ್ಟಿಗೆ ಸೇರಿದಂದಿನಿಂದ ಬರೆದದ್ದು. ಹೊಸ ಡಾಕ್ಟರ್ ಹೊಸ ಕಾರ್ಡು ತೆಗೆಯುವುದಿಲ್ಲ, ಹಿಂದಿನವನು ನಿಲ್ಲಿಸಿದ ಸಾಲಿನ ಕೆಳಗೆ ಬರೆಯುತ್ತಾನೆ. ಹಾಗಾಗಿ ಕಾರ್ಡುಗಳನ್ನು ಒಬ್ಬರೇ ಕೂತು ತುಂಬಿಸಕೂಡದು. ಎರಡು ಕೈಬರಹ, ಎರಡು ಶಾಯಿ, ನಡುವೆ ಡಾಕ್ಟರಿಲ್ಲದ ಕೆಲವು ವಾರಗಳ ತಾರೀಕಿನ ಜಿಗಿತ. ಕ್ಯಾಮೆರಾ ಹತ್ತಿರ ಹೋದರೆ ಆ ಜಿಗಿತ ಓದಲು ಬರಬೇಕು.